ತಪ್ಪು ಯಾರದ್ದು, ದುಡ್ಡು ಯಾರದ್ದು? ವಾಹನ ಅಪಘಾತದಲ್ಲಿ ಹೊಟೇಲ್ ಮಾಲಕರ ಹೊಣೆ



ಕಳೆದ ಸಭೆ ಮುಗಿದು ಎಲ್ಲರೂ ಚಾ ಕುಡಿಯುತ್ತಿರುವಾಗ ಡೊಂಬಿವಲಿಯ ಸದಸ್ಯರೊಬ್ಬರು ನನ್ನನ್ನು ಬದಿಗೆ ಕರೆದರು. ಅವರ ಪಾರ್ಸೆಲ್ ಹುಡುಗನ ಬೈಕೂ ಒಂದು ರಿಕ್ಷಾವೂ ಡಿಕ್ಕಿಯಾಗಿ ರಿಕ್ಷಾದಲ್ಲಿ ಕೂತಿದ್ದ ಹೆಂಗಸಿನ ಕೈ ಮುರಿದಿತ್ತು. ಈಗ ಮನೆಗೆ ನೋಟೀಸು ಬಂದಿದೆ. "ಅಣ್ಣಾ, ಬೈಕು ಹುಡುಗನದ್ದು, ಲೈಸೆನ್ಸ್ ಹುಡುಗನದ್ದು, ತಪ್ಪು ರಿಕ್ಷಾದವನದ್ದು. ಇದರಲ್ಲಿ ನನ್ನ ಹೆಸರು ಎಲ್ಲಿಂದ ಬಂತು?" ಎಂದು ಕೇಳಿದರು.

ಸಭೆಯಲ್ಲಿ ನಿಂತು ಎರಡು ಮಾತಿನಲ್ಲಿ ಹೇಳುವ ವಿಷಯವಲ್ಲ. ಬರೆದು ಕೊಡುತ್ತೇನೆ ಎಂದೆ. ನಾನು ವಕೀಲನಲ್ಲ. ಹಗಲು ಕಪ್ಪು ಬಸಿ ತೊಳೆದು ಮುಂಬಯಿಯ ಕನ್ನಡ ರಾತ್ರಿ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವ. ಈ ಪಾಠವನ್ನು ಕಲಿತದ್ದು ಥಾಣೆಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಹೊರಗಿನ ಬೆಂಚಿನಲ್ಲಿ, ಸುಮಾರು ನಾಲ್ಕು ವರ್ಷ, ನನ್ನದೇ ಖರ್ಚಿನಲ್ಲಿ. ಆದ್ದರಿಂದ ಮೊದಲು ನನ್ನ ಕತೆ ಹೇಳಿ ಆಮೇಲೆ ಕಾನೂನಿಗೆ ಬರುತ್ತೇನೆ.

ನನ್ನ ಓಮ್ನಿ ಗಾಡಿಯ ಕತೆ

2012ರ ಮಳೆಗಾಲ. ಬೆಳಗ್ಗೆ ಐದೂವರೆ ಗಂಟೆ. ತುರ್ಭೆಯ ಎ.ಪಿ.ಎಂ.ಸಿ. ಮಾರ್ಕೆಟಿನಿಂದ ತರಕಾರಿ ತುಂಬಿಸಿಕೊಂಡು ನಮ್ಮ ಓಮ್ನಿ ಥಾಣೆ-ಬೇಲಾಪುರ ರಸ್ತೆಯಲ್ಲಿ ಘಣಸೋಲಿಗೆ ಬರುತ್ತಿತ್ತು. ಎಂ.ಐ.ಡಿ.ಸಿ. ಕಡೆಯ ಒಳರಸ್ತೆಯಿಂದ ರಾತ್ರಿ ಪಾಳಿ ಮುಗಿಸಿದ ಕಾರ್ಖಾನೆಯ ಕೆಲಸಗಾರರೊಬ್ಬರು ಬೈಕಿನಲ್ಲಿ ಮುಖ್ಯ ರಸ್ತೆಗೆ ಬಂದರು. ಓಮ್ನಿಯ ಎಡಮೂಲೆ ಅವರಿಗೆ ತಾಗಿತು. ತೊಡೆಯ ಎಲುಬು ಮುರಿಯಿತು.

ನಮ್ಮ ಡ್ರೈವರ್ ಒಳ್ಳೆಯ ಹುಡುಗ. ಓಡಿ ಹೋಗಲಿಲ್ಲ, ಪೆಟ್ಟಾದವರನ್ನು ಅದೇ ಓಮ್ನಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದ. ಅದು ಸರಿಯಾದ ಕೆಲಸ, ಕಾನೂನೂ ಅದನ್ನೇ ಹೇಳುತ್ತದೆ. ಆದರೆ ಗಾಡಿ ಹೊರಟ ಮೇಲೆ ಆ ಜಾಗದಲ್ಲಿ ಉಳಿದದ್ದು ಬಿದ್ದ ಬೈಕು ಮತ್ತು ನಾಲ್ಕು ಟೊಮೆಟೊ ಮಾತ್ರ. ಯಾರು ಯಾವ ಬದಿಯಲ್ಲಿದ್ದರು, ಎಷ್ಟು ದೂರದಿಂದ ಬ್ರೇಕ್ ಹಾಕಿದ ಗುರುತಿದೆ ಎಂದು ನೋಡಿದವರಿಲ್ಲ, ಫೋಟೋ ತೆಗೆದವರಿಲ್ಲ. ಪಂಚನಾಮೆ ಆಗುವಷ್ಟರಲ್ಲಿ ಮಳೆ ರಸ್ತೆಯನ್ನು ತೊಳೆದಿತ್ತು.

ಮಧ್ಯಾಹ್ನ ನಾನು ಆಸ್ಪತ್ರೆಗೆ ಹೋದೆ. ಅವರ ಹೆಂಡತಿ ಎರಡು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಹೊರಗೆ ಕೂತಿದ್ದರು. ಮನಸ್ಸು ತಡೆಯಲಿಲ್ಲ. 20,000 ರೂಪಾಯಿ ಕೈಯಲ್ಲಿಟ್ಟೆ. ಜತೆಗಿದ್ದ ಒಬ್ಬ ತಿಳಿದವರು, "ಒಂದು ಚೀಟಿ ಬರೆಸಿಕೊಳ್ಳಿ, ಇಲ್ಲಿಗೆ ಮುಗಿಯುತ್ತದೆ" ಎಂದರು. "ತಪ್ಪು ನಮ್ಮದು, ಪರಿಹಾರ ಕೊಟ್ಟಿದ್ದೇವೆ, ಮುಂದೆ ಏನೂ ಕೇಳುವುದಿಲ್ಲ" ಎಂದು ಬರೆದು ಇಬ್ಬರೂ ಸಹಿ ಹಾಕಿದೆವು. ಹಣ ಕೊಟ್ಟದ್ದಕ್ಕೆ ನನಗೆ ಇಂದೂ ಬೇಸರವಿಲ್ಲ. ಬೇಸರ ಇರುವುದು ಆ ಚೀಟಿಗೆ. ಏಳೆಂಟು ತಿಂಗಳ ನಂತರ ಕ್ಲೇಮ್ ಕೇಸಿನ ನೋಟೀಸು ಬಂದಾಗ, "ಮುಂದೆ ಕೇಳುವುದಿಲ್ಲ" ಎಂಬ ಸಾಲಿಗೆ ನ್ಯಾಯಮಂಡಳಿಯಲ್ಲಿ ಬೆಲೆ ಸಿಗಲಿಲ್ಲ. "ತಪ್ಪು ನಮ್ಮದು" ಎಂಬ ಸಾಲು ಮಾತ್ರ ನನ್ನ ಎದುರೇ ನಿಂತಿತು.

ತೀರ್ಪು 2016ರ ಕೊನೆಗೆ ಬಂತು. ಒಟ್ಟು ನಷ್ಟ 4,40,000 ರೂಪಾಯಿ ಎಂದು ಲೆಕ್ಕ ಹಾಕಿದರು. ಒಳರಸ್ತೆಯಿಂದ ಬರುವವರು ಮುಖ್ಯ ರಸ್ತೆಯ ಗಾಡಿಗೆ ದಾರಿ ಬಿಡಬೇಕಿತ್ತು ಎಂದು ಬೈಕಿನವರ ಮೇಲೆ ನೂರಕ್ಕೆ 25 ಪಾಲು ತಪ್ಪು ಹಾಕಿ, ಉಳಿದ 75 ಪಾಲು ನಮ್ಮ ಡ್ರೈವರನ ಮೇಲೆ ಹಾಕಿದರು. ಅಂದರೆ ಕೊಡಬೇಕಾದದ್ದು 3,30,000, ಬಡ್ಡಿ ಸೇರಿ ನಾಲ್ಕು ಲಕ್ಷ ಇಪ್ಪತ್ತು ಸಾವಿರದ ಆಸುಪಾಸು. ಇನ್ಶೂರೆನ್ಸ್ ಇದೆಯಲ್ಲ, ನನಗೇನು ಚಿಂತೆ ಎಂದು ಕೂತಿದ್ದೆ.

ಆಗ ವಿಮಾ ಕಂಪನಿಯ ವಕೀಲರು ಇಟ್ಟ ಕಾಗದಕ್ಕೆ ತೀರ್ಪಿನ ಕೊನೆಯ ಪುಟದಲ್ಲಿ ಉತ್ತರವಿತ್ತು. ನಮ್ಮ ಹುಡುಗನ ಲೈಸೆನ್ಸು ಅಪಘಾತಕ್ಕೆ ನಾಲ್ಕು ತಿಂಗಳ ಮೊದಲೇ ಮುಗಿದಿತ್ತು, ನವೀಕರಿಸಿರಲಿಲ್ಲ. ಕೆಲಸಕ್ಕೆ ಸೇರುವಾಗ ನಾನು ಲೈಸೆನ್ಸ್ ನೋಡಿದ್ದೆ. ಆಮೇಲೆ ಮೂರು ವರ್ಷ ನೋಡಿರಲಿಲ್ಲ. ಕಂಪನಿ ಪೆಟ್ಟಾದವರಿಗೆ ಮೊದಲು ಹಣ ಕೊಡಬೇಕು, ಆಮೇಲೆ ಅಷ್ಟನ್ನೂ ಮಾಲಕನಿಂದ ವಸೂಲು ಮಾಡಬಹುದು ಎಂದು ಆದೇಶವಾಯಿತು. ವಸೂಲು ಮಾಡಿದರು.

ಇಡೀ ಕೇಸಿನಲ್ಲಿ ನಾನು ಹೊಡೆದಾಡಿದ್ದು ತಪ್ಪು ಎಷ್ಟು ಪಾಲು ಯಾರದ್ದು ಎಂಬುದಕ್ಕೆ. ಅದರಲ್ಲಿ ನೂರಕ್ಕೆ 25 ಗೆದ್ದೆ. ನನ್ನ ಹಣ ಹೋದದ್ದು ಬೇರೆಯೇ ಪ್ರಶ್ನೆಯಲ್ಲಿ. ನಾವು ಹೊಟೇಲಿಗರು ಈ ಎರಡನ್ನು ಒಂದೇ ಎಂದು ತಿಳಿಯುತ್ತೇವೆ. ತಪ್ಪು ಯಾರದ್ದು ಎಂಬುದು ರಸ್ತೆಯಲ್ಲಿ ನಡೆದದ್ದರಿಂದ ತೀರ್ಮಾನವಾಗುತ್ತದೆ. ದುಡ್ಡು ಯಾರು ಕೊಡಬೇಕು ಎಂಬುದು ಬಹುಪಾಲು ನಮ್ಮ ಕಪಾಟಿನ ಕಾಗದಗಳಿಂದ, ಅಪಘಾತಕ್ಕೆ ಎಷ್ಟೋ ಮೊದಲೇ ತೀರ್ಮಾನವಾಗಿರುತ್ತದೆ.

ತಪ್ಪನ್ನು ಹೇಗೆ ಅಳೆಯುತ್ತಾರೆ?

"ದೊಡ್ಡ ಗಾಡಿಯದ್ದೇ ತಪ್ಪು", "ಹಿಂದಿನಿಂದ ಹೊಡೆದವನದ್ದೇ ತಪ್ಪು", "ಎಫ್.ಐ.ಆರ್. ಯಾರ ಮೇಲೋ ತಪ್ಪು ಅವನದ್ದೇ" ಎಂದು ನಮ್ಮಲ್ಲಿ ಮೂರು ನಂಬಿಕೆಗಳಿವೆ. ಮೂರೂ ಅರ್ಧ ಸತ್ಯ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಒಂದು ಅಪಘಾತದಿಂದ ಎರಡು ಕೇಸುಗಳು ಹುಟ್ಟುತ್ತವೆ. ಒಂದು ಪೊಲೀಸ್ ಕೇಸು. 2024ರ ಜುಲೈ 1ರಿಂದ ಇದು ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ನಡೆಯುತ್ತದೆ: ಅಜಾಗರೂಕ ಚಾಲನೆಗೆ ಕಲಂ 281, ಪೆಟ್ಟಾದರೆ 125, ಸಾವಾದರೆ 106. ಇದು ಓಡಿಸಿದವನ ಮೇಲೆ. ಇನ್ನೊಂದು ಪರಿಹಾರದ ಕೇಸು, 1988ರ ಮೋಟಾರು ವಾಹನ ಕಾಯ್ದೆಯ ಕಲಂ 166ರ ಪ್ರಕಾರ. ಇದು ಓಡಿಸಿದವ, ಮಾಲಕ, ವಿಮಾ ಕಂಪನಿ ಮೂವರ ಮೇಲೂ ಬರುತ್ತದೆ.

ಪೊಲೀಸ್ ಕೇಸಿನಲ್ಲಿ ತಪ್ಪು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ನಮ್ಮ ಕರ್ನಾಟಕದ್ದೇ ಒಂದು ಪ್ರಕರಣ ಇದೆ, ಕರ್ನಾಟಕ ಸರಕಾರ ವಿರುದ್ಧ ಸತೀಶ್. 1982ರಲ್ಲಿ ಒಂದು ಲಾರಿ ಮಗುಚಿ ಅದರಲ್ಲಿದ್ದವರು ತೀರಿಕೊಂಡರು. ಸಾಕ್ಷಿಗಳು ಹೇಳಿದ್ದು ಲಾರಿ "ಬಹಳ ಸ್ಪೀಡಿನಲ್ಲಿತ್ತು" ಎಂದು ಮಾತ್ರ. 1998ರಲ್ಲಿ ಸುಪ್ರೀಂ ಕೋರ್ಟ್, ಸ್ಪೀಡು ಎಂಬ ಒಂದು ಮಾತಿನಿಂದ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ ಎಂದು ಡ್ರೈವರನ ಬಿಡುಗಡೆಯನ್ನು ಎತ್ತಿ ಹಿಡಿಯಿತು. ಆದರೆ ಪರಿಹಾರದ ಕೇಸಿನಲ್ಲಿ ಇಷ್ಟು ಬಿಗಿ ಇಲ್ಲ. ಎರಡೂ ಕಡೆ ತೂಗಿ ಯಾವುದು ಹೆಚ್ಚು ಸಂಭವವೋ ಅದನ್ನು ಒಪ್ಪುತ್ತಾರೆ. ಆದ್ದರಿಂದ "ನಮ್ಮ ಡ್ರೈವರ್ ಖುಲಾಸೆಯಾದ, ಇನ್ನು ಪರಿಹಾರವೂ ಇಲ್ಲ" ಎಂದು ಪೇಡೆ ಹಂಚಬೇಡಿ.

ಈಗ ಹಿಂದಿನಿಂದ ಹೊಡೆಯುವ ವಿಷಯ. 2018ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ನಿಶಾನ್ ಸಿಂಗ್ ಪ್ರಕರಣದಲ್ಲಿ ಕಾರೊಂದು ಮುಂದಿನ ಟ್ರಕ್ಕಿಗೆ ಹಿಂದಿನಿಂದ ಹೊಡೆದಿತ್ತು. ಸುರಕ್ಷಿತ ಅಂತರ ಬಿಡದೆ ಇದ್ದದ್ದು ಕಾರಿನವರ ತಪ್ಪು ಎಂದಾಯಿತು, ಟ್ರಕ್ಕಿನವರಿಂದ ಏನೂ ಸಿಗಲಿಲ್ಲ. ಆದರೆ 2025ರ ಜುಲೈಯಲ್ಲಿ ಅದೇ ಕೋರ್ಟು ಕೊಯಮತ್ತೂರಿನ ಒಂದು ಪ್ರಕರಣದಲ್ಲಿ ಬೇರೆ ತೀರ್ಪು ಕೊಟ್ಟಿದೆ. 2017ರಲ್ಲಿ ಹೆದ್ದಾರಿಯಲ್ಲಿ ಒಬ್ಬರು ಕಾರನ್ನು ತಟ್ಟನೆ ನಿಲ್ಲಿಸಿದರು. ಗರ್ಭಿಣಿ ಹೆಂಡತಿಗೆ ವಾಂತಿ ಬಂತು ಎಂಬುದು ಅವರ ಕಾರಣ. ಹಿಂದಿದ್ದ ಬೈಕಿನ ವಿದ್ಯಾರ್ಥಿ ಕಾರಿಗೆ ತಾಗಿ ಬಿದ್ದ, ಅದರ ಹಿಂದಿನ ಬಸ್ಸು ಅವನ ಕಾಲಿನ ಮೇಲೆ ಹೋಯಿತು. ಸಿಗ್ನಲ್ ಕೊಡದೆ ಹೆದ್ದಾರಿಯ ನಡುವೆ ನಿಲ್ಲಿಸಿದ ಕಾರಿನವರದ್ದು 50 ಪಾಲು, ಬಸ್ಸಿನದ್ದು 30, ಅಂತರ ಬಿಡದ, ಸರಿಯಾದ ಲೈಸೆನ್ಸೂ ಇಲ್ಲದ ವಿದ್ಯಾರ್ಥಿಯದ್ದು 20 ಎಂದು ಹಂಚಿದರು. ಹಿಂದಿನಿಂದ ಹೊಡೆದವನದ್ದು ಅತಿ ಕಡಿಮೆ ಪಾಲು ಎಂಬುದನ್ನು ಗಮನಿಸಿ.

ಪೆಟ್ಟಾದವನದ್ದೇ ಸ್ವಲ್ಪ ತಪ್ಪಿದ್ದರೆ ಅಷ್ಟು ಪಾಲು ಅವನ ಪರಿಹಾರದಲ್ಲಿ ಕಡಿತ. ನನ್ನ ಕೇಸಿನಲ್ಲಿ ಆದದ್ದು ಇದೇ. ಪೆಟ್ಟಾದವನದ್ದು ತಪ್ಪೇ ಇಲ್ಲ, ಬೇರೆ ಇಬ್ಬರ ತಪ್ಪು ಸೇರಿ ಅವನಿಗೆ ಪೆಟ್ಟಾಯಿತು ಎಂದಾದರೆ ಲೆಕ್ಕ ಬೇರೆ. ಆಗ ಅವನು ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಹಣ ಕೇಳಬಹುದು, ಆ ಇಬ್ಬರು ತಮ್ಮೊಳಗೆ ಹಂಚಿಕೊಳ್ಳಬೇಕು. 2015ರ ಖೆನ್ಯೇಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಡೊಂಬಿವಲಿಯ ನಮ್ಮ ಸದಸ್ಯರ ಕೇಸು ಈ ಜಾತಿಯದ್ದು. ರಿಕ್ಷಾದಲ್ಲಿ ಕೂತ ಹೆಂಗಸಿನದ್ದು ಏನು ತಪ್ಪು? ರಿಕ್ಷಾದವನದ್ದು 80 ಪಾಲು, ನಮ್ಮ ಹುಡುಗನದ್ದು 20 ಎಂದಾದರೂ ಆಕೆ ಪೂರ್ತಿ ಹಣವನ್ನು ನಮ್ಮ ಕಡೆಯಿಂದ ಕೇಳಬಹುದು. ಅದಕ್ಕೇ ವಕೀಲರು ಕಂಡ ಹೆಸರನ್ನೆಲ್ಲ ನೋಟೀಸಿನಲ್ಲಿ ಸೇರಿಸುವುದು.

ಹೊಟೇಲ್ ಹುಡುಗರು ಒಂದು ಬೈಕಿನಲ್ಲಿ ಮೂವರು ಹೋಗುವುದು ನಮಗೆಲ್ಲ ಗೊತ್ತು. ಅದು ದಂಡಕ್ಕೆ ಅರ್ಹ ತಪ್ಪು, ನಾನು ಸಮರ್ಥಿಸುವುದಿಲ್ಲ. ಆದರೆ ಮೂವರಿದ್ದರು ಎಂಬ ಒಂದೇ ಕಾರಣಕ್ಕೆ ಅವರ ಪರಿಹಾರ ಕಡಿಮೆ ಮಾಡಬಾರದು, ಮೂವರಿದ್ದದ್ದರಿಂದಲೇ ಡಿಕ್ಕಿಯಾಯಿತು ಎಂದು ತೋರಿಸಬೇಕು ಎಂದು 2020ರ ಜನವರಿಯಲ್ಲಿ ಮೊಹಮ್ಮದ್ ಸಿದ್ದಿಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ನಿಯಮ ಮುರಿದದ್ದು ಬೇರೆ, ಅಪಘಾತಕ್ಕೆ ಕಾರಣವಾದದ್ದು ಬೇರೆ.

ಬ್ರೇಕ್ ಫೇಲ್ ಆಯಿತು ಎಂಬ ವಾದಕ್ಕೂ ಒಂದು ಮಾತು. ಮುಂಬಯಿಯ ಲಾರಿ-ಕಾರು ಡಿಕ್ಕಿಯ ಮಿನೂ ಮೆಹ್ತಾ ಪ್ರಕರಣದಲ್ಲಿ 1977ರಲ್ಲೇ ತೀರ್ಮಾನವಾಗಿದೆ. ಗಾಡಿ ಕೆಟ್ಟದ್ದರಿಂದ ಅಪಘಾತವಾಯಿತು ಎಂದರೆ, ಗಾಡಿಯನ್ನು ಸರಿಯಾಗಿ ನೋಡಿಕೊಂಡಿದ್ದೆ ಎಂದು ಮಾಲಕನೇ ತೋರಿಸಿಕೊಡಬೇಕು. ಗ್ಯಾರೇಜಿನವನು ಕೊಡುವ ಚೀಟಿಯನ್ನು ಎಸೆಯಬೇಡಿ ಎಂದು ನಾನು ಹೇಳುವುದು ಇದಕ್ಕೆ.

ಹುಡುಗ ಓಡಿಸಿದರೆ ಸಾಹುಕಾರ ಯಾಕೆ ಕೊಡಬೇಕು?

ಕೆಲಸಗಾರ ನಮ್ಮ ಕೆಲಸದ ಮೇಲೆ ಇರುವಾಗ ಮಾಡಿದ ತಪ್ಪಿಗೆ ಮಾಲಕ ಹೊಣೆ. ಇದು ಹಳೆಯ ತತ್ವ. ಬೈಕು ಅವನ ಹೆಸರಿನಲ್ಲಿ ಇದ್ದರೂ ಅದರಲ್ಲಿ ಹೋಗುತ್ತಿದ್ದದ್ದು ನಮ್ಮ ಇಡ್ಲಿ ಪಾರ್ಸೆಲ್. ಡೊಂಬಿವಲಿಯ ಸದಸ್ಯರ ಹೆಸರು ನೋಟೀಸಿನಲ್ಲಿ ಬಂದದ್ದು ಹೀಗೆ.

ಇದು ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಪುಷ್ಪಾಬಾಯಿ ಉದೇಶಿ ಪ್ರಕರಣ ನೋಡಿ, ಅದೂ 1977ರದ್ದು. ಕಂಪನಿಯ ಮ್ಯಾನೇಜರ್ ಕಂಪನಿಯ ಕಾರನ್ನು ಓಡಿಸಿಕೊಂಡು ಹೋಗುವಾಗ ಹೊರಗಿನವರೊಬ್ಬರನ್ನು ಹತ್ತಿಸಿಕೊಂಡಿದ್ದ. ಕಾರು ರಸ್ತೆ ಬಿಟ್ಟು ಮರಕ್ಕೆ ಹೊಡೆದು ಅವರು ತೀರಿಕೊಂಡರು. ಹೊರಗಿನವರನ್ನು ಹತ್ತಿಸಲು ನಾವು ಹೇಳಿರಲಿಲ್ಲ ಎಂದು ಕಂಪನಿ ವಾದಿಸಿತು. ಕೋರ್ಟು ಒಪ್ಪಲಿಲ್ಲ, ಕಂಪನಿಯೇ ಹೊಣೆ ಎಂದಿತು. ಕಾರು ತಾನಾಗಿ ಹೋಗಿ ಮರಕ್ಕೆ ಹೊಡೆಯುವುದಿಲ್ಲ, ಆದ್ದರಿಂದ ಅಜಾಗರೂಕತೆ ಇಲ್ಲ ಎಂದು ಓಡಿಸಿದ ಕಡೆಯವರೇ ತೋರಿಸಬೇಕು ಎಂದೂ ಹೇಳಿತು. ನಮ್ಮ ಮ್ಯಾನೇಜರ್ ಬ್ಯಾಂಕಿಗೆ ಹೋಗುವಾಗ ಗುರುತಿನವರಿಗೆ ಲಿಫ್ಟ್ ಕೊಡುವುದು ದಿನನಿತ್ಯದ ಮಾತು.

ಇದಕ್ಕೆ ಮಿತಿಯೂ ಇದೆ. ಅಹಮದಾಬಾದಿನ ಟ್ಯಾಕ್ಸಿಯೊಂದರ ಪ್ರಕರಣದಲ್ಲಿ, ಡ್ರೈವರ್ ತನ್ನ ಇಷ್ಟಕ್ಕೆ ಟ್ಯಾಕ್ಸಿಯನ್ನು ಕ್ಲೀನರನ ಲೈಸೆನ್ಸ್ ಟೆಸ್ಟಿಗೆ ಕೊಟ್ಟಿದ್ದ. ಅದು ಮಾಲಕನ ಕೆಲಸವಲ್ಲ, ಆದ್ದರಿಂದ ಮಾಲಕ ಹೊಣೆಯಲ್ಲ ಎಂದು 1966ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆದರೆ ಗಲ್ಲಾದ ಮೇಲೆ ಕೀ ಬಿಟ್ಟು, ಯಾರು ಬೇಕಾದರೂ ತೆಗೆದುಕೊಂಡು ಹೋಗಲಿ ಎಂದು ಇರುವ ನಮ್ಮಂಥವರು ಈ ತೀರ್ಪನ್ನು ನಂಬಿ ಕೂರುವ ಹಾಗಿಲ್ಲ. ಲೈಸೆನ್ಸ್ ಇಲ್ಲದವನಿಗೆ ಗಾಡಿ ಕೊಟ್ಟರೆ ಮಾಲಕನಿಗೇ 5,000 ರೂಪಾಯಿ ದಂಡ ಅಥವಾ ಮೂರು ತಿಂಗಳ ತನಕ ಸಜೆ, ಅಥವಾ ಎರಡೂ. ಹದಿನೆಂಟು ಆಗದ ಮಗನ ಕೈಗೆ ಕೀ ಕೊಟ್ಟರೆ 2019ರ ತಿದ್ದುಪಡಿಯ ನಂತರ ತಂದೆಗೆ ಮೂರು ವರ್ಷದ ತನಕ ಸಜೆ ಮತ್ತು 25,000 ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು.

ಇನ್ನೊಂದು ಹೊಂಡ ಮಾರಿದ ಗಾಡಿ. ಹಳೆಯ ಸ್ಕೂಟರನ್ನು ಊರಿಗೆ ಹೋಗುವ ಹುಡುಗನಿಗೆ ಕೊಟ್ಟು, ಆರ್.ಸಿ. ವರ್ಗಾವಣೆ ಆಮೇಲೆ ಮಾಡಿದರಾಯಿತು ಎನ್ನುತ್ತೇವೆ. 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಗಾಡಿ ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು. ಆದರೂ ಆರ್.ಟಿ.ಓ. ದಾಖಲೆಯಲ್ಲಿ ಯಾರ ಹೆಸರು ಇತ್ತೋ ಅವನೇ ಹೊಣೆಯಾದ. ರಾಜ್ಯದೊಳಗೆ ಮಾರಿದರೆ ಮಾರಿದವನು 14 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು.

ಕೇಟರಿಂಗ್ ಟೆಂಪೋದ ಹಿಂಭಾಗ

ನಮ್ಮ ಕೇಟರಿಂಗ್ ಮಾಡುವ ಬಂಧುಗಳು ಈ ಭಾಗವನ್ನು ದಯವಿಟ್ಟು ಎರಡು ಸಲ ಓದಬೇಕು. ಮದುವೆ ಸೀಸನಿನಲ್ಲಿ ಮಹಾಪೆಯಿಂದ ಶಿಳ್‌ಫಾಟಾ ದಾರಿಯಾಗಿ ಕಲ್ಯಾಣ, ಡೊಂಬಿವಲಿಗೆ ಹೋಗುವ ಟೆಂಪೋಗಳನ್ನು ನಾನು ನೋಡುತ್ತಿರುತ್ತೇನೆ. ಹಿಂದೆ ಕಡಾಯಿ, ಗ್ಯಾಸ್ ಬಾಟಲಿ, ಸಾಂಬಾರಿನ ಡ್ರಮ್ಮು. ಅದರ ಮೇಲೆ ಎಂಟು ಹತ್ತು ಹುಡುಗರು, ಇಬ್ಬರು ಭಟ್ಟರು. ನಾನೂ ಹಾಗೆ ಕಳುಹಿಸಿದವನೇ, ಹಾಗೆ ಕೂತು ಹೋದವನೇ.

ಟೆಂಪೋ ಬಾಡಿಗೆಯದ್ದು ಎಂದಿಟ್ಟುಕೊಳ್ಳಿ. ಅದಕ್ಕೆ ಇನ್ಶೂರೆನ್ಸ್ ಇದೆ, ಡ್ರೈವರನಿಗೆ ಲೈಸೆನ್ಸ್ ಇದೆ. ತಿರುವಿನಲ್ಲಿ ಮಗುಚಿತು, ಹುಡುಗರಿಗೆ ಪೆಟ್ಟಾಯಿತು. ಟೆಂಪೋದ ವಿಮಾ ಕಂಪನಿ ಕೊಡುತ್ತದೆ ಎಂದು ನಾವು ತಿಳಿಯುತ್ತೇವೆ. ಕಂಪನಿ ಇಲ್ಲ ಎನ್ನಬಹುದು.

ಕಾರಣ ಹೀಗಿದೆ. ಸಾಮಾನು ಸಾಗಿಸುವ ಗಾಡಿಯ ವಿಮೆ ಅದರಲ್ಲಿ ಕೂತ ಎಲ್ಲರಿಗೂ ಅಲ್ಲ. ಬಿಟ್ಟಿ ಪ್ರಯಾಣಿಕರಿಗೆ ಕಂಪನಿ ಹೊಣೆಯಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ 2002ರಲ್ಲಿ ತೀರ್ಮಾನವಾಯಿತು. 1994ರ ತಿದ್ದುಪಡಿಯಿಂದ ಸಾಮಾನಿನ ಮಾಲಕ ಅಥವಾ ಅವನ ಪ್ರತಿನಿಧಿ ಜತೆಗೆ ಬಂದರೆ ಅವರಿಗೆ ರಕ್ಷಣೆ ಉಂಟು. ಆದರೆ ಅವರು ಕ್ಯಾಬಿನ್ನಿನಲ್ಲಿ ಕೂತಿರಬೇಕು, ಸಾಮಾನಿನ ಮೇಲಲ್ಲ ಎಂದು 2007ರಲ್ಲಿ ಚೊಲ್ಲೇಟಿ ಭಾರತಮ್ಮ ಪ್ರಕರಣದಲ್ಲಿ ಹೇಳಿದರು. ಹಾಗಾದರೆ ನಮ್ಮ ಹುಡುಗರು "ಕೆಲಸಗಾರರು" ಎಂದು ಲೆಕ್ಕಕ್ಕೆ ಬರುತ್ತಾರೆಯೇ? ಅದಕ್ಕೂ 2012ರಲ್ಲಿ ಸಂಜೀವ್ ಕುಮಾರ್ ಸಾಮ್ರಾಟ್ ಪ್ರಕರಣದಲ್ಲಿ ಉತ್ತರ ಬಂದಿದೆ. ಕಾಯ್ದೆಯ ಪ್ರಕಾರ ವಿಮೆಯೊಳಗೆ ಬರುವುದು ಗಾಡಿಯ ಮಾಲಕನ ಕೆಲಸಗಾರರು ಮಾತ್ರ, ಗಾಡಿಯನ್ನು ಬಾಡಿಗೆಗೆ ಪಡೆದವನ ಕೆಲಸಗಾರರು ಅಲ್ಲ. ಬಾಡಿಗೆ ಟೆಂಪೋದ ಹಿಂದೆ ಕೂತ ನಮ್ಮ ಹುಡುಗ ಟೆಂಪೋದವನ ನೌಕರನಲ್ಲ, ಸಾಮಾನಿನ ಮಾಲಕನೂ ಅಲ್ಲ.

ಕೆಲವು ಪ್ರಕರಣಗಳಲ್ಲಿ ಕೋರ್ಟು ದಯೆಯಿಂದ ಕಂಪನಿ ಮೊದಲು ಕೊಡಲಿ, ಆಮೇಲೆ ಗಾಡಿಯ ಮಾಲಕನಿಂದ ವಸೂಲು ಮಾಡಲಿ ಎನ್ನುತ್ತದೆ. ಅದು ಕೋರ್ಟಿನ ಮನಸ್ಸು, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಲಾಗುವುದಿಲ್ಲ. ಇತ್ತ ನಾವು ಕೆಲಸದ ಮೇಲೆ ಕಳುಹಿಸಿದ ಹುಡುಗನಿಗೆ ಪೆಟ್ಟಾದರೆ ಕಾರ್ಮಿಕ ಪರಿಹಾರದ ಹೊಣೆ ನಮ್ಮ ಮೇಲೆ ಬಂದೇ ಬರುತ್ತದೆ. ಅದರಲ್ಲಿ ತಪ್ಪು ಯಾರದ್ದು ಎಂಬ ಪ್ರಶ್ನೆಯೇ ಇಲ್ಲ, ಕೆಲಸದಲ್ಲಿದ್ದಾಗ ಆಯಿತೇ ಎಂದಷ್ಟೇ ನೋಡುತ್ತಾರೆ. ಹತ್ತು ಹುಡುಗರ ಲೆಕ್ಕ ಹಾಕಿ ನೋಡಿ. ಒಂದು ಮದುವೆಯ ಆರ್ಡರಿನ ಲಾಭಕ್ಕೆ ಹೊಟೇಲನ್ನೇ ಅಡವು ಇಟ್ಟ ಹಾಗೆ.

ನಾನು ಈಗ ಮಾಡುವುದು ಇಷ್ಟೇ. ಸಾಮಾನು ಟೆಂಪೋದಲ್ಲಿ, ಜತೆಗೆ ಒಬ್ಬ ಕ್ಯಾಬಿನ್ನಿನಲ್ಲಿ. ಉಳಿದವರು ಬಾಡಿಗೆಯ ಪ್ರಯಾಣಿಕ ಗಾಡಿಯಲ್ಲಿ ಅಥವಾ ಘಣಸೋಲಿ ಸ್ಟೇಷನ್ನಿನಿಂದ ಥಾಣೆಯಾಗಿ ಲೋಕಲ್ ರೈಲಿನಲ್ಲಿ. ಖರ್ಚು ಸ್ವಲ್ಪ ಹೆಚ್ಚು, ಅದನ್ನು ಪ್ಲೇಟಿನ ದರದಲ್ಲೇ ಸೇರಿಸುತ್ತೇನೆ. ಒಬ್ಬ ಗಿರಾಕಿಯೂ ಈವರೆಗೆ ಕೇಳಿಲ್ಲ. ಜತೆಗೆ ಕೆಲಸಗಾರರ ಪರಿಹಾರಕ್ಕೆ ಪ್ರತ್ಯೇಕ ವಿಮಾ ಪಾಲಿಸಿ ಮಾಡಿಸಿದ್ದೇನೆ.

ಟೆಂಪೋದ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಛೋಟಾ ಹಾಥಿಯಂಥ ಸಣ್ಣ ಟೆಂಪೋ ಓಡಿಸಲು ಕಾರಿನ ಲೈಸೆನ್ಸ್ ಸಾಕೇ, ಬೇರೆ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಬೇಕೇ ಎಂದು ವಿಮಾ ಕಂಪನಿಗಳು ವರ್ಷಗಟ್ಟಲೆ ಜಗಳ ಮಾಡುತ್ತಿದ್ದವು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, 7,500 ಕಿಲೋಗಿಂತ ಕಡಿಮೆ ಒಟ್ಟು ತೂಕದ ಗಾಡಿಗೆ ಲಘು ವಾಹನದ ಲೈಸೆನ್ಸ್ ಸಾಕು ಎಂದು ತೀರ್ಪು ಕೊಟ್ಟಿತು. ಲೈಸೆನ್ಸಿನ ಅವಧಿ ಮಾತ್ರ ಮುಗಿದಿರಬಾರದು. ಈ ಮಾತನ್ನು ನನ್ನಷ್ಟು ದುಬಾರಿಯಾಗಿ ಕಲಿಯುವುದು ಬೇಡ.

ಪಾಲಿಸಿಯ ಸಣ್ಣ ಅಕ್ಷರಗಳು

ಪಾಲಿಸಿಯಲ್ಲಿ "ಬಳಕೆಯ ಮಿತಿ" ಎಂದು ಒಂದು ಭಾಗ ಇರುತ್ತದೆ. ಖಾಸಗಿ ಕಾರು ಮತ್ತು ಬೈಕಿನ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವುದು, ಸರಕು ಸಾಗಿಸುವುದು ಇಲ್ಲ ಎಂದು ಬರೆದಿರುತ್ತದೆ. ಅಪಘಾತವಾದ ಮೇಲೆ ಕಂಪನಿಯ ವಕೀಲರು ಬೆರಳಿಡುವುದು ಆ ಸಾಲಿಗೇ. ಪಾರ್ಸೆಲ್ ಬೈಕು ಇರುವವರು ತಮ್ಮ ಏಜೆಂಟರನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬಾಯಿ ಮಾತಿನ "ಕುಛ್ ನಹೀ ಹೋತಾ, ಸೇಠ್" ಕೋರ್ಟಿನಲ್ಲಿ ಬರುವುದಿಲ್ಲ.

ಬೈಕಿಗೆ ಬರೇ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಹಿಂದೆ ಕೂತವನಿಗೆ ಅದರಿಂದ ಸಿಗುವುದಿಲ್ಲ ಎಂದು 2006ರ ತಿಲಕ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದಾರೆ. ಮಾರ್ಕೆಟಿಗೆ ಇಬ್ಬರನ್ನು ಕಳುಹಿಸುವವರು ಇದನ್ನು ನೆನಪಿಡಿ. ಪಾಲಿಸಿಯ ಇನ್ನೊಂದು ಷರತ್ತು, ಕಂಪನಿಯ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳುವುದಾಗಲಿ ಹಣದ ಮಾತು ಕೊಡುವುದಾಗಲಿ ಮಾಡಬಾರದು ಎಂಬುದು. ನನ್ನ ಚೀಟಿ ಈ ಷರತ್ತನ್ನೂ ಮುರಿದಿತ್ತು. ಆಸ್ಪತ್ರೆಯ ಖರ್ಚಿಗೆ ಮನುಷ್ಯತ್ವದಿಂದ ಕೊಡಿ, ರಸೀದಿ ಇಟ್ಟುಕೊಳ್ಳಿ. ತಪ್ಪಿನ ವಿಷಯ ಬರೆಯಲು ಹೋಗಬೇಡಿ.

ಪರಿಹಾರದ ಮೊತ್ತ ಹೇಗೆ ಬರುತ್ತದೆ ಎಂದು ಹಲವರು ಕೇಳುತ್ತಾರೆ. ಮುಂಬಯಿಯ ವಕೀಲ ಆರ್.ಡಿ. ಹಟ್ಟಂಗಡಿಯವರು ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದರು. ಅವರ ಹೆಸರು ಕುಂದಾಪುರ ಕಡೆಯ ಹಟ್ಟಿಯಂಗಡಿಯನ್ನು ನೆನಪಿಸುತ್ತದೆ. ಅವರ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ನಷ್ಟವನ್ನು ಎರಡು ಮಾಡಿ ತೋರಿಸಿತು: ಔಷಧಿ, ಸಂಪಾದನೆಯಂತೆ ಹಣದಲ್ಲಿ ಎಣಿಸುವಂಥದ್ದು ಒಂದು, ನೋವು, ಬದುಕಿನ ಸುಖ ಕಳೆದುಕೊಂಡದ್ದು ಇನ್ನೊಂದು. ಸಂಪಾದನೆಯನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸುವ ಪಟ್ಟಿ 2009ರ ಸರಳಾ ವರ್ಮಾ ತೀರ್ಪಿನಲ್ಲಿದೆ. 31ರಿಂದ 35 ವಯಸ್ಸಿಗೆ 16, 51ರಿಂದ 55ಕ್ಕೆ 11. ನನ್ನ ಕೇಸಿನವರಿಗೆ 32 ವಯಸ್ಸು, ತಿಂಗಳಿಗೆ 8,000. ವರ್ಷಕ್ಕೆ 96,000, ಗುಣಿಸು 16, ಅದರಲ್ಲಿ ಕೆಲಸದ ಶಕ್ತಿ ಕುಂದಿದ ನೂರಕ್ಕೆ 20 ಎಂದರೆ 3,07,200. ಉಳಿದದ್ದು ಔಷಧಿ ಮತ್ತು ನೋವಿನ ಬಾಬ್ತು. ಅದೇ ಪೆಟ್ಟು ದೋಸೆ ಕಾವಲಿಯ ಮುಂದೆ ಹತ್ತು ಗಂಟೆ ನಿಲ್ಲಬೇಕಾದ ಭಟ್ಟರಿಗೆ ಆದರೆ ಈ ಪಾಲು ಹೆಚ್ಚುತ್ತದೆ. ಯಾವ ಕೆಲಸದವನಿಗೆ ಯಾವ ಅಂಗ ಹೋಯಿತು ಎಂದು ನೋಡಬೇಕೆಂದು 2010ರ ರಾಜ್ ಕುಮಾರ್ ತೀರ್ಪು ಹೇಳುತ್ತದೆ.

2019ರ ತಿದ್ದುಪಡಿಯ ಈ ಭಾಗಗಳು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಈಗ ಕಲಂ 164ರ ಪ್ರಕಾರ ತಪ್ಪು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ಗಂಭೀರ ಪೆಟ್ಟಿಗೆ 2.5 ಲಕ್ಷ ಕೇಳಬಹುದು. ಡಿಕ್ಕಿ ಹೊಡೆದ ಗಾಡಿ ಸಿಗದೇ ಹೋದರೆ ಸಾವಿಗೆ 2 ಲಕ್ಷ, ಗಂಭೀರ ಪೆಟ್ಟಿಗೆ 50,000 ಸರಕಾರದ ಯೋಜನೆಯಿಂದ ಬರುತ್ತದೆ. ರಾತ್ರಿ ಹೊಟೇಲ್ ಮುಚ್ಚಿ ನಡೆದು ಹೋಗುವಾಗ ಪೆಟ್ಟು ತಿನ್ನುವ ನಮ್ಮ ಹುಡುಗರ ಪರವಾಗಿಯೂ ಇದನ್ನು ತಿಳಿದಿರಬೇಕು. 2025ರ ಮೇ ತಿಂಗಳಲ್ಲಿ ಪ್ರಕಟವಾದ ಯೋಜನೆಯಲ್ಲಿ ಅಪಘಾತಕ್ಕೆ ಒಳಗಾದವರಿಗೆ ಮೊದಲ ಏಳು ದಿನ ಒಂದೂವರೆ ಲಕ್ಷದ ತನಕ ನಗದು ಕೊಡದೆ ಚಿಕಿತ್ಸೆಯೂ ಉಂಟು.

ಆ ಮೊದಲ ಒಂದು ಗಂಟೆ

ಪೆಟ್ಟಾದವರನ್ನು ಆಸ್ಪತ್ರೆಗೆ ಸೇರಿಸುವುದು ಮೊದಲು, ಉಳಿದದ್ದೆಲ್ಲ ಆಮೇಲೆ. ಕಾಯ್ದೆಯ ಕಲಂ 134 ಡ್ರೈವರನಿಗೆ ಇದನ್ನೇ ಹೇಳುತ್ತದೆ. ಪೊಲೀಸರಿಗೆ 24 ಗಂಟೆಯೊಳಗೆ ತಿಳಿಸಬೇಕು, ವಿಮಾ ಕಂಪನಿಗೂ ತಿಳಿಸಬೇಕು. ಆದರೆ ಇಂದು ಎಲ್ಲ ಹುಡುಗರ ಕೈಯಲ್ಲೂ ಮೊಬೈಲ್ ಇದೆ. ಗಾಡಿ ಕದಲಿಸುವ ಮೊದಲು ಹತ್ತು ಫೋಟೋ ತೆಗೆಯಲು ಅರ್ಧ ನಿಮಿಷ ಸಾಕು: ಎರಡೂ ಗಾಡಿಗಳು ನಿಂತ ರೀತಿ, ಟಯರ್ ಗುರುತು, ಒಡೆದ ಗಾಜು, ಒಳರಸ್ತೆ ಸೇರುವ ಜಾಗ, ಸಿಗ್ನಲ್ ದೀಪ. ಗಾಡಿ ಕೊನೆಗೆ ಎಲ್ಲಿ ನಿಂತಿತ್ತು ಎಂಬುದೊಂದರಿಂದಲೇ ತಪ್ಪು ತೀರ್ಮಾನಿಸುವಂತಿಲ್ಲ ಎಂದು 2013ರ ಜಿಜು ಕುರುವಿಲಾ ಪ್ರಕರಣದಲ್ಲಿ ಹೇಳಿದ್ದಾರೆ, ಆದ್ದರಿಂದ ನೋಡಿದವರ ಹೆಸರು, ಫೋನ್ ನಂಬರೂ ಬೇಕು. ಹತ್ತಿರದ ಅಂಗಡಿಯ ಕ್ಯಾಮೆರಾದ ಚಿತ್ರವನ್ನು ಅದೇ ದಿನ ಕೇಳಿ ಪಡೆಯಿರಿ. ನಮ್ಮ ಹೊಟೇಲಿನ ಕ್ಯಾಮೆರಾದಲ್ಲಿ ಹದಿನೈದು ದಿನದ ಹಿಂದಿನದ್ದು ತಾನಾಗಿ ಅಳಿಸಿ ಹೋಗುತ್ತದೆ, ನಿಮ್ಮದರಲ್ಲಿ ಎಷ್ಟು ದಿನ ಉಳಿಯುತ್ತದೆ ನೋಡಿಕೊಳ್ಳಿ.

2022ರ ನಿಯಮದ ಪ್ರಕಾರ ಪೊಲೀಸರು ಮೊದಲ ವರದಿಯನ್ನು 48 ಗಂಟೆಯೊಳಗೆ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳುಹಿಸಬೇಕು. ಗಾಡಿಯ ಮಾಲಕನೂ ಒಂದು ನಮೂನೆ ತುಂಬಿಸಿ 30 ದಿನದೊಳಗೆ ಕೊಡಬೇಕು. ಲೈಸೆನ್ಸ್, ಪಾಲಿಸಿ, ಆರ್.ಸಿ., ಟೆಂಪೋ ಆದರೆ ಪರ್ಮಿಟ್ ಮತ್ತು ಫಿಟ್ನೆಸ್, ಎಲ್ಲದರ ವಿವರವನ್ನು ಕೇಳುತ್ತಾರೆ. ಇದನ್ನು ಅಕೌಂಟೆಂಟ್ ಹುಡುಗನ ಕೈಗೆ ಕೊಟ್ಟು ಮರೆಯಬೇಡಿ. ನಮ್ಮ ಕಡೆಯ ಮಾತು ಬರವಣಿಗೆಯಲ್ಲಿ ಮೊದಲು ಹೋಗುವುದು ಅಲ್ಲಿಯೇ.

ಡೊಂಬಿವಲಿಯ ಸದಸ್ಯರಿಗೆ ನಾನು ಹೇಳಿದ್ದು: ನೋಟೀಸಿಗೆ ಹೆದರಿ ಮನೆಯಲ್ಲಿ ಕೂರಬೇಡಿ, ಹಾಜರಾಗಿ. ಹಾಜರಾಗದಿದ್ದರೆ ಒಂದೇ ಕಡೆಯ ಮಾತು ಕೇಳಿ ತೀರ್ಪು ಕೊಡುತ್ತಾರೆ. ಹುಡುಗನ ಬೈಕಿನ ಪಾಲಿಸಿ ಅಪಘಾತದ ದಿನ ಚಾಲ್ತಿಯಲ್ಲಿತ್ತೇ ನೋಡಿ. ಇತ್ತು ಎಂದು ಮೊನ್ನೆ ಫೋನ್ ಮಾಡಿದರು. ಲೈಸೆನ್ಸೂ ಸರಿ ಇದೆಯಂತೆ. ಹಾಗಾದರೆ ಅರ್ಧ ಭಾರ ಇಳಿಯಿತು. ಪಾರ್ಸೆಲ್ ಒಯ್ಯುತ್ತಿದ್ದ ಎಂಬ ವಿಷಯ ಪಾಲಿಸಿಯ ಮಿತಿಯೊಳಗೆ ಬರುತ್ತದೆಯೇ ಎಂಬುದನ್ನು ಅವರ ವಕೀಲರು ನೋಡುತ್ತಿದ್ದಾರೆ.

ನನ್ನ ಗಲ್ಲಾದ ಹಿಂದಿನ ಗೋಡೆಯಲ್ಲಿ ದೇವರ ಫೋಟೋದ ಕೆಳಗೆ ಈಗ ಒಂದು ರಟ್ಟು ನೇತು ಹಾಕಿದ್ದೇನೆ. ಎಡಗಡೆ ಗಾಡಿ ಓಡಿಸುವ ಐವರ ಹೆಸರು, ಬಲಗಡೆ ಲೈಸೆನ್ಸ್ ಮುಗಿಯುವ ತಾರೀಕು. ಕೆಳಗೆ ಪಾಲಿಸಿ, ಪಿ.ಯು.ಸಿ., ಫಿಟ್ನೆಸ್. ಬರುವ ತಿಂಗಳು 18ಕ್ಕೆ ಟೆಂಪೋದ ಫಿಟ್ನೆಸ್ ಮುಗಿಯುತ್ತದೆ. ಆ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿ ಇಟ್ಟಿದ್ದೇನೆ.